ಮಾಳಿಗೆಯ ಮೇಲಿನ ಬಿಳಿ ಬಟ್ಟೆ

"ಅಜ್ಜಾರೇ, ಇಷ್ಟು ದಿನ ನನಗೆ ಉತ್ತರ ಕೊಡುತ್ತಿದ್ದದ್ದು ಬರೀ ಗಾಳಿ ಎಂದು ಗೊತ್ತಾಯಿತು. ಇನ್ನು ನಾನು ಯಾಕೆ ಕೂರಬೇಕು?"

ಹೀಗೆ ಕೇಳಿದವನು ಅಡಿವೆಯ್ಯ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ದಿನವೂ ಬೆಳಗಿನ ಜಾವ ಹಿಂದಿನ ಕೋಣೆಯಲ್ಲಿ ದೀಪ ಹಚ್ಚಿ ಧ್ಯಾನಕ್ಕೆ ಕೂರುತ್ತಿದ್ದ. ಕಣ್ಣು ತೆರೆದಾಗಲೆಲ್ಲ ದೀಪದ ಕುಡಿ ಅವನ ಕಡೆಗೇ ಬಾಗಿರುತ್ತಿತ್ತು. ದೇವರು ತನ್ನನ್ನು ಕಂಡಿದ್ದಾನೆ ಎಂದು ಅವನು ನಂಬಿದ್ದ. ಯಾರಿಗೂ ಹೇಳಿರಲಿಲ್ಲ. ಹಿಂದಿನ ದಿನ ಕೋಣೆಗೆ ಸುಣ್ಣ ಬಳಿಯುವಾಗ ದೀಪದ ಗೂಡಿನ ಹಿಂದೆ ಒಂದು ಬಿರುಕು ಕಂಡಿತು. ಕೈಯಿಟ್ಟು ನೋಡಿದರೆ ತಣ್ಣನೆಯ ಗಾಳಿ ಬರುತ್ತಿತ್ತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದದ್ದನ್ನು ತಾನು ಕೃಪೆ ಎಂದುಕೊಂಡೆ ಎಂದು ಅವನು ಹೇಳಿಕೊಂಡ.

ಊರಿಗೆ ಹೊರಡಲು ಅವನು ಕಟ್ಟಿದ ಬಟ್ಟೆಯ ಗಂಟು ಮೆಟ್ಟಿಲ ಮೇಲಿತ್ತು. ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರು ಅದನ್ನು ನೋಡಿದರು. ಬಸ್ಸಿಗೆ ಇನ್ನೂ ಹೊತ್ತಿದೆ, ಅಲ್ಲಿಯವರೆಗೆ ಒಂದು ಕತೆ ಕೇಳು, ನಡುವೆ ಎದ್ದರೆ ನನಗೆ ಸಿಟ್ಟು ಬರುತ್ತದೆ ಎಂದರು. ಅಡಿವೆಯ್ಯ ಕೂತ. ಅಜ್ಜಾರು ಹೇಳತೊಡಗಿದರು.

ಒಂದು ದೊಡ್ಡ ಪಟ್ಟಣ, ತಮ್ಮಾ. ಅಲ್ಲಿ ನಲವತ್ತು ಅಂತಸ್ತಿನ ಒಂದು ಕಟ್ಟಡ. ಅದರ ನೆತ್ತಿಯ ಮೇಲೆ ಸುತ್ತಲೂ ಗಾಜು ಹಾಕಿದ ಒಂದು ಜಗಲಿ. ಟಿಕೆಟ್ ತೆಗೆದುಕೊಂಡು ಲಿಫ್ಟಿನಲ್ಲಿ ಹತ್ತಿದರೆ ಪಟ್ಟಣವನ್ನೆಲ್ಲ ನೋಡಬಹುದು. ನನ್ನನ್ನೂ ಒಮ್ಮೆ ಭಕ್ತರು ಹತ್ತಿಸಿದ್ದರು. ಕಿವಿ ಗುಂಯ್ ಎಂದಿತು. ನಾನು ಮೇಲೆ ಹೋದೆ, ಹೊಟ್ಟೆ ಕೆಳಗೇ ಉಳಿಯಿತು. ಜನ ಗಾಜಿಗೆ ಬೆನ್ನು ಮಾಡಿ ನಿಂತು ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ಊರು ನೋಡಲು ದುಡ್ಡು ಕೊಟ್ಟು ಹತ್ತಿ, ಊರಿಗೇ ಬೆನ್ನು! ಇರಲಿ, ನನ್ನ ಮಾತು ಬೇಡ.

ಆ ಪಟ್ಟಣದಲ್ಲಿ ಒಬ್ಬ ಬೀಗದ ವ್ಯಾಪಾರಿ ಇದ್ದ. ಪರವೂರಿನಿಂದ ಬಂದವನು, ಒಂಟಿ. ಅಂಗಡಿಗೆ ಗಿರಾಕಿಗಳು ಬರುತ್ತಿದ್ದರು. ಬೀಗದ ಮಾತು, ಕೀಲಿಯ ಮಾತು, ಬೆಲೆಯ ಮಾತು ಆಡಿ ಹೋಗುತ್ತಿದ್ದರು. ಊಟ ಆಯಿತೇ ಎಂದು ಕೇಳುವ ಒಂದು ಜೀವ ಇರಲಿಲ್ಲ. ನಾವು ದಾರಿಯಲ್ಲಿ ಹೋಗುವವನನ್ನೂ ಹಾಗೆ ಕೇಳುತ್ತೇವೆ, ಉತ್ತರಕ್ಕೆ ಕಾಯುವುದೂ ಇಲ್ಲ. ಅದು ಎಷ್ಟು ದೊಡ್ಡ ಮಾತು ಎಂಬುದು ಅದನ್ನು ವರ್ಷಗಟ್ಟಲೆ ಕೇಳಿಸಿಕೊಳ್ಳದವನಿಗೆ ಗೊತ್ತು. ತಾನು ಸತ್ತರೆ ಅಂಗಡಿ ಯಾಕೆ ಮುಚ್ಚಿದೆ ಎಂದು ಕೇಳುತ್ತಾರೆಯೇ ಹೊರತು, ಅವನೆಲ್ಲಿ ಎಂದು ಯಾರೂ ಕೇಳುವುದಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು. ಆ ಯೋಚನೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಒಬ್ಬನೇ ಉಣ್ಣಲು ಮನಸ್ಸಾಗದೆ ಅವನು ಆ ಕಟ್ಟಡ ಹತ್ತಿದ. ಅಷ್ಟು ಎತ್ತರದಿಂದ ನೋಡಿದರೆ ಪಟ್ಟಣದಲ್ಲಿ ಮನುಷ್ಯರೇ ಇಲ್ಲ. ಬರೀ ಮನೆಗಳು, ನೀರಿನ ಟ್ಯಾಂಕುಗಳು. ಕೆಳಗಿದ್ದಾಗ ತನ್ನನ್ನು ಯಾರೂ ನೋಡುವುದಿಲ್ಲ ಎಂಬ ದುಃಖವಿತ್ತು. ಮೇಲೆ ಹತ್ತಿದ ಮೇಲೆ ತನಗೆ ಕಾಣುವುದಕ್ಕೂ ಯಾರೂ ಇಲ್ಲ ಎಂದಾಯಿತು. ಇನ್ನೇನು ಇಳಿಯಬೇಕು, ಅಷ್ಟರಲ್ಲಿ ದೂರದ ಒಂದು ಮಾಳಿಗೆಯ ಮೇಲೆ ಏನೋ ಬೆಳ್ಳಗೆ ಆಡಿತು. ಯಾರೋ ಒಂದು ಬಟ್ಟೆಯನ್ನು ತಲೆಯ ಮೇಲೆತ್ತಿ ಅತ್ತಿತ್ತ ಬೀಸುತ್ತಿದ್ದರು.

ಅವನು ಹಿಂದೆ ತಿರುಗಿ ನೋಡಿದ. ಅವನ ಹಿಂದೆ ಯಾರೂ ಇರಲಿಲ್ಲ. ಹಾಗಾದರೆ ತನಗೇ. ಅವನು ಮೆಲ್ಲಗೆ ಕೈಯೆತ್ತಿದ. ಕೆಳಗೆ ಬಟ್ಟೆ ಮತ್ತೆ ಆಡಿತು.

ನಗಬೇಡ. ನೀನು ದೀಪಕ್ಕೆ ಕೈಮುಗಿದವನು.

ಮರುದಿನವೂ ಅದೇ ಹೊತ್ತಿಗೆ ಹತ್ತಿದ. ಬಟ್ಟೆ ಆಡಿತು. ಅದರ ಮರುದಿನವೂ ಆಡಿತು. ಆ ಬೇಸಿಗೆಯಿಡೀ ಅವನು ಮಧ್ಯಾಹ್ನದ ಊಟ ಬಿಟ್ಟು ಆ ಗಾಜಿನ ಮುಂದೆ ನಿಂತ. ಹೆಗಲ ಮೇಲಿನ ಟವೆಲ್ ತೆಗೆದು ತಾನೂ ಬೀಸುತ್ತಿದ್ದ. ಸುತ್ತಲಿನವರು ನಕ್ಕರೂ ಬಿಡಲಿಲ್ಲ. ಜಗಲಿಯ ಮೇಲೆ ದುರ್ಬೀನು ಇತ್ತು. ಅದಕ್ಕೆ ಮಾತ್ರ ಅವನು ಕಣ್ಣಿಡಲಿಲ್ಲ. ಹತ್ತಿರದಿಂದ ನೋಡಿದರೆ ಏನು ಗೊತ್ತಾಗಿಬಿಡುತ್ತದೋ ಎಂಬ ಅಂಜಿಕೆ. ಈಗ ಅಂಗಡಿಯಲ್ಲಿ ಅವನ ಮುಖಕ್ಕೆ ಕಳೆ ಬಂದಿತ್ತು. ಗಿರಾಕಿಗಳೊಂದಿಗೆ ಎರಡು ಮಾತು ಹೆಚ್ಚು ಆಡುತ್ತಿದ್ದ. ಈ ಪಟ್ಟಣದಲ್ಲಿ ತನಗಾಗಿ ಕಾಯುವ ಒಬ್ಬರಿದ್ದಾರೆ, ಅಷ್ಟು ಸಾಕು ಎಂದುಕೊಂಡಿದ್ದ.

ಬೇಸಿಗೆ ಮುಗಿದು ಮುಂಗಾರಿನ ಮಿರುಗದ ಮಳೆ ಹಿಡಿಯಿತು. ಅಂದಿನಿಂದ ಬಟ್ಟೆ ಆಡಲಿಲ್ಲ. ಮಳೆ ಬಿಟ್ಟ ಮಧ್ಯಾಹ್ನವೂ ಮಾಳಿಗೆ ಬರಿದಾಗಿತ್ತು. ಅವರಿಗೆ ಜ್ವರವೋ, ಸಾವೋ ಎಂದು ಅವನಿಗೆ ದಿಗಿಲಾಯಿತು. ಕೊನೆಗೆ ದುರ್ಬೀನಿಗೆ ಕಣ್ಣಿಟ್ಟ. ಖಾಲಿ ಮಾಳಿಗೆ, ಒಂದು ಮುರುಕು ಹೊರಸಿನ ಮಂಚ, ಪಕ್ಕದಲ್ಲಿ ಒಂದು ಹಿಟ್ಟಿನ ಗಿರಣಿಯ ತಗಡಿನ ಚಾವಣಿ ಕಂಡವು. ಅಷ್ಟನ್ನೇ ಗುರುತಿಟ್ಟುಕೊಂಡು ಇಳಿದು ಹುಡುಕಲು ಹೊರಟ.

ಮೇಲಿನಿಂದ ನೋಡಿದಾಗ ದಾರಿ ನೇರವಾಗಿತ್ತು. ಕೆಳಗೆ ಬಂದರೆ ಓಣಿಯೊಳಗೆ ಓಣಿ. ನೆಲದ ಮೇಲೆ ನಿಂತವನಿಗೆ ಯಾರ ಮಾಳಿಗೆಯೂ ಕಾಣುವುದಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಏನೆಂದು ಕೇಳುವುದು? ನನಗೆ ಕೈಬೀಸುವವರ ಮನೆ ಯಾವುದು ಎಂದು ಕೇಳಲು ಬಾಯಿ ಬರಲಿಲ್ಲ. ಮಳೆಯಲ್ಲಿ ನೆನೆಯುತ್ತ ಸುತ್ತಿ ಸುತ್ತಿ, ಕಡೆಗೆ ಗಿರಣಿಯ ಸಪ್ಪಳ ಹಿಡಿದು ಆ ಮನೆ ಮುಟ್ಟಿ ಬಾಗಿಲು ತಟ್ಟಿದ.

ಬಾಗಿಲು ತೆರೆದವಳು ನಡುವಯಸ್ಸು ದಾಟಿದ ಒಬ್ಬ ಹೆಂಗಸು. ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಟ್ಟು ಬದುಕುವವಳು. ಅವಳಿಗೂ ಹಿಂದಿಲ್ಲ, ಮುಂದಿಲ್ಲ. ವ್ಯಾಪಾರಿ ತೊದಲುತ್ತ ಎಲ್ಲವನ್ನೂ ಹೇಳಿದ. ತಾನು ಆ ಎತ್ತರದ ಕಟ್ಟಡದ ಮೇಲೆ ನಿಲ್ಲುವವನೆಂದು, ದಿನವೂ ತಾನೂ ಟವೆಲ್ ಬೀಸುತ್ತಿದ್ದೆನೆಂದು, ಈಗ ಬಟ್ಟೆ ಕಾಣದೆ ಹೆದರಿ ಬಂದೆನೆಂದು. ಅವಳಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಅವಳ ಮುಖ ಸಣ್ಣದಾಯಿತು.

"ಯಪ್ಪಾ, ನಾ ಸಂಡಿಗಿ ಒಣಗಿಸಲಿಕ್ಕೆ ಹಾಕಿ ಕಾಗಿ ಓಡಸ್ತಿದ್ದೆ" ಎಂದಳು. "ಈಗ ಮಳಿಗಾಲ. ಸಂಡಿಗಿ ಹಾಕೂದಿಲ್ಲ."

ಆ ಕಟ್ಟಡವನ್ನು ತಾನು ಒಂದು ದಿನವೂ ತಲೆಯೆತ್ತಿ ನೋಡಿದವಳಲ್ಲ ಎಂದೂ ಅವಳು ಹೇಳಿದಳು. ಸಂಜೆಗೆ ಮುಂಚೆಯೇ ಅದರ ನೆರಳು ಬಂದು ಮಾಳಿಗೆಯ ಬಿಸಿಲು ತಿನ್ನುತ್ತದೆಂದು ಅದನ್ನು ಬೈಯುತ್ತಿದ್ದಳಂತೆ. ಸುಳ್ಳು ಹೇಳಲು ಬಾರದವಳು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು.

ವ್ಯಾಪಾರಿ ನೆಲ ನೋಡುತ್ತ ನಿಂತ. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದ. ಹೊರಡಲು ತಿರುಗಿದ. ಅವಳು ಹಿಂದಿನಿಂದ ಕೇಳಿದಳು.

"ತೊಯ್ಸಿಕೊಂಡು ಬಂದೀರಿ. ಊಟ ಆತೇನ್ರೀ?"

ಅವನು ತಿರುಗದೆ, ಆಯಿತು ಎಂದು ಹೇಳಿ ನಡೆದುಬಿಟ್ಟ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಎಷ್ಟೋ ವರ್ಷ ಯಾವ ಮಾತಿಗಾಗಿ ಸೊರಗಿದ್ದನೋ ಆ ಮಾತು ಬೆನ್ನ ಹಿಂದೆ ಬಂದಿತ್ತು. ನಾಚಿಕೆ ಅವನ ಕಿವಿ ಮುಚ್ಚಿತ್ತು. ದಾರಿಯುದ್ದಕ್ಕೂ ಅವನು ಹಳಿದುಕೊಂಡದ್ದು ತನ್ನನ್ನೇ. ಕಾಗೆಗೆ ಬೀಸಿದ್ದನ್ನು ತನಗೆಂದು ತಿಳಿದ ಮೂರ್ಖ ಈ ಲೋಕದಲ್ಲಿ ತಾನೊಬ್ಬನೇ ಎಂದುಕೊಂಡ. ಆ ಕಟ್ಟಡದ ಮುಖ ನೋಡಬಾರದೆಂದು ಅಂಗಡಿಗೆ ಹೋಗುವ ದಾರಿಯನ್ನೂ ಬದಲಿಸಿದ. ಮಧ್ಯಾಹ್ನ ಬೀಗಗಳ ನಡುವೆ ಕೂತು ಒಬ್ಬನೇ ಉಂಡ. ಮೊದಲಿಗಿಂತಲೂ ಒಂಟಿಯಾದ.

ಇತ್ತ ಆ ಹೆಂಗಸು ಅವನು ಹೋದ ಮೇಲೆ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಳು. ಬೇಸಿಗೆಯ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಒಬ್ಬಳೇ ಕೂತು ಬೆಂದ ದಿನಗಳೆಲ್ಲ ಅವಳಿಗೆ ನೆನಪಾದವು. ಬಾಯಿ ಒಣಗಿದರೂ ಯಾಕೆ ಎನ್ನುವವರಿಲ್ಲದ ದಿನಗಳು. ಆಗೆಲ್ಲ ಒಬ್ಬ ಮನುಷ್ಯ ತನ್ನನ್ನು ನೋಡುತ್ತಿದ್ದನಂತೆ, ಅದಕ್ಕಾಗಿ ಊಟ ಬಿಡುತ್ತಿದ್ದನಂತೆ. ಅವಳಿಗೆ ಅಳು ಬಂತು. ಯಾಕೆಂದು ಅವಳಿಗೂ ಗೊತ್ತಾಗಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಮಾಳಿಗೆ ಹತ್ತಿದಳು. ಹನಿ ಉದುರುತ್ತಿತ್ತು. ಅಲ್ಲಿ ಸಂಡಿಗೆ ಇರಲಿಲ್ಲ, ಕಾಗೆಯೂ ಇರಲಿಲ್ಲ. ಮೊದಲ ಸಲ ತಲೆಯೆತ್ತಿ ಆ ಕಟ್ಟಡದ ನೆತ್ತಿಯನ್ನು ನೋಡಿದಳು. ಗಾಜು ಹೊಳೆಯುತ್ತಿತ್ತು. ಅದರ ಹಿಂದೆ ಯಾರಿದ್ದಾರೆ, ಯಾರಿಲ್ಲ ಎಂದು ಕೆಳಗೆ ನಿಂತವರಿಗೆ ಕಾಣುವಂತಿರಲಿಲ್ಲ. ನೆರೆಯವರು ನೋಡಿಯಾರೆಂದು ಅತ್ತಿತ್ತ ಕಣ್ಣುಹಾಯಿಸಿದಳು. ಆಮೇಲೆ ಬಟ್ಟೆಯನ್ನು ತಲೆಯ ಮೇಲೆತ್ತಿ ಬೀಸಿದಳು. ಅದರ ಮರುದಿನವೂ ಬಂದಳು. ಮಳೆಗಾಲ ಮುಗಿಯುವವರೆಗೂ ಬಂದಳು. ಮೊದಲು ಬೀಸಿದ್ದು ಕಾಗೆಗೆ, ತಮ್ಮಾ. ಈಗ ಬೀಸುತ್ತಿದ್ದದ್ದು ಅವನಿಗೆ.

ಇಷ್ಟು ಹೇಳಿ ಅಜ್ಜಾರು ಕತೆ ನಿಲ್ಲಿಸಿದರು. ಕೆಳಗೆ ರಸ್ತೆಯ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿಸಿತು.

"ಅಜ್ಜಾರೇ, ಆ ವ್ಯಾಪಾರಿ ಮತ್ತೆ ಮೇಲೆ ಹತ್ತಿದನೋ, ಇಲ್ಲವೋ?"

ಅಜ್ಜಾರು ಮೆಟ್ಟಿಲ ಮೇಲಿದ್ದ ಗಂಟನ್ನು ಎತ್ತಿ ಅವನ ತೊಡೆಯ ಮೇಲಿಟ್ಟರು.

"ಅದನ್ನು ನೀನು ಹೇಳಬೇಕು, ಧ್ಯಾನದ ಕೋಣೆ ಬಿಟ್ಟು ಗಂಟು ಕಟ್ಟಿದವನು ನೀನು."

ಅಡಿವೆಯ್ಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಹಿಂದಿನ ಕೋಣೆಯ ಕಡೆಗೆ ತಿರುಗಿ ನೋಡಿದ.