ಮೊದಲ ತಂಡದಲ್ಲಿ ಹೋದವನು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ತಂಗಿಯ ಮಗ ವೈದ್ಯನಾಗಲು ಹೊರದೇಶಕ್ಕೆ ಹೊರಟಿದ್ದಾನೆ. ಅಲ್ಲಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಸೀಟು ಸಿಕ್ಕ ಮೇಲೂ ಅನುಮಾನ ಪಡುವುದು ಸರಿಯೇ?"

ಗುರುಗಳು ಹೇಳಿದರು:

ಒಬ್ಬ ಮೆಣಸಿನಕಾಯಿ ವ್ಯಾಪಾರಿ ಹೆಂಗಸಿದ್ದಳು. ಚೀಲದ ಬಾಯಲ್ಲಿ ಒಳ್ಳೆಯ ಕಾಯಿ ಜೋಡಿಸಿರುತ್ತಾರೆಂದು ಬಲ್ಲವಳು. ಯಾವ ಚೀಲವನ್ನೂ ತಳದವರೆಗೆ ಸುರಿಸಿ ನೋಡದೆ ಕೊಳ್ಳುತ್ತಿರಲಿಲ್ಲ. ಮಾರುವವರು ಬೈಯುತ್ತಿದ್ದರು. ಆಕೆ ಬೈಸಿಕೊಂಡೇ ಸುರಿಸುತ್ತಿದ್ದಳು.

ಆಕೆಗೆ ಒಬ್ಬಳೇ ಮಗಳು. ವೈದ್ಯಳಾಗಬೇಕೆಂಬುದು ಬಿಟ್ಟರೆ ಆ ಹುಡುಗಿಗೆ ಬೇರೆ ಆಸೆಯಿರಲಿಲ್ಲ. ಇಲ್ಲಿನ ಕಾಲೇಜಿಗೆ ಅಂಕ ಸಾಲಲಿಲ್ಲ. ಆಗ ಒಬ್ಬ ಏಜೆಂಟ್ ಮನೆಗೆ ಬಂದ. ಹೊರದೇಶದ ಕಾಲೇಜೊಂದರ ಹೆಸರು ಹೇಳಿದ. ಇರುವ ಅಂಕವೇ ಸಾಕು, ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಶುಕ್ರವಾರದೊಳಗೆ ಒಪ್ಪಿದರೆ ಸೀಟು ಖಚಿತ ಎಂದ. ಮಗಳು ಆಗಲೇ ಪಾಸ್‌ಪೋರ್ಟನ್ನು ಅವನ ಕೈಗಿಟ್ಟಳು.

ತಾಯಿ ಹೇಳಿದಳು: "ಮಾರುಕಟ್ಟೆಗೆ ಹಮಾಲನನ್ನು ಸೇರಿಸಿಕೊಳ್ಳುವಾಗಲೂ ಮೂಟೆ ಹೊರಿಸಿ ನೋಡುತ್ತಾರಪ್ಪ. ಮನುಷ್ಯರ ಹೊಟ್ಟೆ ಕೊಯ್ಯುವವಳನ್ನು ಏನೂ ಕೇಳದೆ ಸೇರಿಸಿಕೊಳ್ಳುತ್ತಾರಾ?"

"ಅಕ್ಕಾ, ಇದು ಮೆಣಸಿನಕಾಯಿಯಲ್ಲ" ಎಂದು ನಕ್ಕ ಏಜೆಂಟ್ ಒಂದು ಆಲ್ಬಮ್ ತೆರೆದ. ವಿಮಾನ ನಿಲ್ದಾಣದಲ್ಲಿ ಹಾರ ಹಾಕಿಕೊಂಡು ನಿಂತ ಮಕ್ಕಳ ಫೋಟೊಗಳು. ಅವನು ಈ ವರ್ಷದ ಹಾಳೆಯನ್ನು ತೋರಿಸಿದ. ಆಕೆ ಹಿಂದಕ್ಕೆ ತಿರುವಿ ಮೊದಲ ಹಾಳೆ ತೆಗೆದಳು. ಆ ಮಕ್ಕಳು ಹೋಗಿ ಒಂಬತ್ತು ವರ್ಷವಾಗಿತ್ತು. ಇವರೆಲ್ಲ ಈಗ ಯಾವ ಆಸ್ಪತ್ರೆಯಲ್ಲಿದ್ದಾರೆ ಎಂದು ಕೇಳಿದಳು. ಎಲ್ಲರೂ ಚೆನ್ನಾಗಿದ್ದಾರೆ ಎಂದ ಏಜೆಂಟ್. ಪ್ರತಿ ಫೋಟೊದ ಕೆಳಗೆ ಹೆಸರು, ಊರು ಬರೆದಿತ್ತು. ಹತ್ತಿರದ ಊರಿನವನೊಬ್ಬನ ಹೆಸರನ್ನು ಆಕೆ ನೆನಪಿಟ್ಟುಕೊಂಡಳು.

ಮರುದಿನ ಮಗಳನ್ನೂ ಎಬ್ಬಿಸಿಕೊಂಡು ಆ ಊರಿನ ಬಸ್ಸು ಹತ್ತಿದಳು. ನಿನಗೆ ದೇವರ ಮೇಲೂ ಅನುಮಾನ ಎಂದ ಮಗಳು ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಆ ಊರಲ್ಲಿ ಆ ಹೆಸರಿನ ವೈದ್ಯ ಇರಲಿಲ್ಲ. ಆ ಹೆಸರಿನವನು ತನ್ನ ಭಾವನ ಔಷಧಿ ಅಂಗಡಿಯಲ್ಲಿ ಬೇರೆ ವೈದ್ಯರು ಬರೆದ ಚೀಟಿ ನೋಡಿ ಮಾತ್ರೆ ಕೊಡುತ್ತಿದ್ದ. ತಾಯಿ ಬಂದ ಕಾರಣ ತಿಳಿಸಿದಳು. ಅವನು ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟು ಮಗಳ ಕಡೆ ತಿರುಗಿದ.

"ಪದವಿ ಇದೆ ತಂಗೀ. ಆದರೆ ಆ ದೇಶದ ಮಕ್ಕಳು ಓದುವುದೇ ಬೇರೆ ಕೋರ್ಸು. ನಮ್ಮಂಥ ಹೊರಗಿನವರಿಗೆಂದೇ ಇಟ್ಟ ಕೋರ್ಸು ಓದಿದವರಿಗೆ ಅಲ್ಲಿಯೇ ವೈದ್ಯ ಪರವಾನಗಿ ಕೊಡುವುದಿಲ್ಲ. ಅಲ್ಲಿ ಪರವಾನಗಿ ಸಿಗದವನನ್ನು ಇಲ್ಲಿಯ ಪರೀಕ್ಷೆಗೂ ಕೂರಿಸುವುದಿಲ್ಲ. ಇದು ನನಗೆ ಗೊತ್ತಾದದ್ದು ಐದನೆಯ ವರ್ಷದಲ್ಲಿ."

ಊರಿಗೆ ಮರಳಿ ಬಸ್ಸಿಳಿದ ಮಗಳು ಮನೆಗೆ ಹೋಗದೆ ನೇರವಾಗಿ ಏಜೆಂಟನ ಕಚೇರಿಗೆ ಹೋಗಿ, ಕೊಡುವವರೆಗೂ ಅಲ್ಲೇ ನಿಂತು, ತನ್ನ ಪಾಸ್‌ಪೋರ್ಟನ್ನು ಹಿಂದಕ್ಕೆ ತಂದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ಬಂದಿತ್ತು. "ಎಲ್ಲ ಗೊತ್ತಿದ್ದೂ ಆ ಯುವಕ ಬಾಯಿ ಮುಚ್ಚಿಕೊಂಡು ಕೂತಿದ್ದನಲ್ಲ. ಅವನ ಹಿಂದೆ ಎಷ್ಟೊಂದು ಮಕ್ಕಳು ಹೋದರು. ಅವನದೂ ತಪ್ಪಲ್ಲವೇ?"

ಗುರುಗಳು ಹೇಳಿದರು: "ಅವನು ದಿನವೂ ಅಂಗಡಿಯಲ್ಲೇ ಇದ್ದ, ಹೋಗಿ ಕೇಳಿದವಳು ಆಕೆಯೊಬ್ಬಳೇ."