ಸಾಹೇಬರ ಮೇಜು

ಪೌರಾಯುಕ್ತರಿಗೆ ವರ್ಗವಾದಾಗಲೆಲ್ಲ ನಗರಸಭೆಯ ಜವಾನ ಕೆಂಚಪ್ಪನ ಸೊಂಟಕ್ಕೆ ಕಂಟಕ. ಬಂದ ಹೊಸ ಸಾಹೇಬರು ಹಾರ ತೆಗೆದಿಟ್ಟವರೇ ವಾಸ್ತು ನೋಡುತ್ತಿದ್ದರು. ಅವರ ಕೋಣೆಯ ತೇಗದ ಮೇಜೋ, ಆನೆಮರಿಯಷ್ಟು ಭಾರ. ಅದನ್ನು ತಿರುಗಿಸಿ ತಿರುಗಿಸಿ ಕೆಂಚಪ್ಪನಿಗೆ ಸಾಕುಸಾಕಾಗಿತ್ತು.

ಈ ಸಲ ರುದ್ರಮೂರ್ತಿ ಸಾಹೇಬರು ಬಂದರು. ಕುರ್ಚಿ ಮುಟ್ಟುವ ಮೊದಲೇ ಅಪ್ಪಣೆಯಾಯಿತು.

"ಮೇಜು ಪೂರ್ವಕ್ಕೆ ತಿರುಗಿಸೋ. ನಾನು ಈ ಊರಲ್ಲಿ ಗಟ್ಟಿಯಾಗಿ ಕೂರಬೇಕು."

ಕೆಂಚಪ್ಪ ನಿಟ್ಟುಸಿರು ಬಿಟ್ಟು ಸೊಂಟಕ್ಕೆ ಟವೆಲ್ ಬಿಗಿದ. "ತಿರುಗಿಸ್ತೀನಿ ಸಾರ್. ಪೂರ್ವಕ್ಕೆ ಕೂತಿದ್ದ ಸಾಹೇಬರನ್ನ ಗಡಿ ತಾಲ್ಲೂಕಿಗೆ ಹಾಕಿದರು."

"ಹಾಗಾದರೆ ಉತ್ತರಕ್ಕಿಡು."

"ಇಡ್ತೀನಿ ಸಾರ್. ಉತ್ತರದವರಿಗೆ ಜಾಗವನ್ನೇ ತೋರಿಸದೆ ಮನೇಲಿ ಕೂರಿಸಿದರು."

ಸಾಹೇಬರು ಹಣೆ ಒರೆಸಿಕೊಂಡರು. "ದಕ್ಷಿಣ?"

"ಅವರು ಅಮಾನತ್ತಾದರು ಸಾರ್."

"ಈಗಿರೋದು ಪಶ್ಚಿಮ. ಇದರ ಫಲ ಏನಯ್ಯ?"

"ಹಾಗೆ ಕೂತಿದ್ದವರು ಹೋಗಿದ್ದಕ್ಕೇ ಅಲ್ವಾ ಸಾರ್, ತಾವು ಬಂದಿರೋದು."

"ಮತ್ತೆ ನಾನು ಕೂರೋದಾದರೂ ಎಲ್ಲಿ?"

ಕೆಂಚಪ್ಪ ಮೆಲ್ಲಗೆ ಹೇಳಿದ, "ಬಂದವರೆಲ್ಲ ಮೇಜು ತಿರುಗಿಸಿದರು ಸಾರ್. ಇದ್ದ ಹಾಗೇ ಬಿಟ್ಟು ನೋಡಿದವರು ಯಾರೂ ಇಲ್ಲ."

ಸಾಹೇಬರು ಕುರ್ಚಿ ಎಳೆದುಕೊಂಡರು. ಮೇಜು ತಿರುಗಿಸದೆ ಇದ್ದಲ್ಲೇ ಕೂತರು.

ಮಳೆಗಾಲ ಮುಗಿಯುವುದರೊಳಗೆ ಅವರಿಗೂ ವರ್ಗದ ಆದೇಶ ಬಂತು. ಹೊರಡುವಾಗ ಮೇಜಿನ ಮೇಲೆ ಕೈಯಾಡಿಸುತ್ತ ಕೇಳಿದರು, "ತಿರುಗಿಸದಿದ್ದರೂ ಕಳಿಸಿದರಲ್ಲೋ ಕೆಂಚಪ್ಪ. ನಿನ್ನ ಮಾತು ಕೇಳಿ ಏನು ಬಂತು?"

ಕೆಂಚಪ್ಪ ಅವರ ಚೀಲ ಎತ್ತಿಕೊಂಡ. "ತಾವು ಹೇಗಿದ್ದರೂ ಹೋಗೋರೇ ಸಾರ್. ಈ ಸಲ ನನ್ನ ಸೊಂಟ ಉಳೀತು."