ಲಗಮವ್ವ ಹೊಲಿದ ಹಗುರ ತಾಡಪತ್ರಿ

ಊರಿನ ಹೆಸರು ಕೇಳಬೇಡಿ. ಹೇಳಿದರೆ ಅಲ್ಲಿನವರು ನನ್ನ ಜೊತೆ ಜಗಳಕ್ಕೆ ಬರುತ್ತಾರೆ. ಆ ಊರಲ್ಲಿ ಲಗಮವ್ವ ಅಂತ ಕುರುಬರ ಹೆಂಗಸು, ಅವಳಿಗೆ ಅಮೋಗಿ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಎದೆ ಅಗಲವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನು ಮಾಡುತ್ತಿರಲಿಲ್ಲ ಅಂತಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ, ತೊಂದರೆ ಅಲ್ಲೇ ಇದ್ದದ್ದು.

ಓರಗೆಯವರೆಲ್ಲ ಕುರಿ ಹಿಂಡಿನ ಜೊತೆ ಊರೂರು ಸುತ್ತಿ ಬರುತ್ತಿದ್ದರು. ಅಮೋಗಿಯನ್ನು ಕರೆದವರು ಯಾರೂ ಇಲ್ಲ. ಕುರಿಯ ಹಿಂದೆ ಹೋಗದವನು ನಾಳೆ ನಾನಿಲ್ಲದಾಗ ಏನು ಮಾಡಿಕೊಂಡು ಉಂಡಾನು ಅಂತ ಲಗಮವ್ವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೊನೆಗೆ ಅಣ್ಣ ಮಾಳಪ್ಪನ ಮುಂದೆ ಹೋಗಿ ಕೂತಳು. ಮಾಳಪ್ಪನದು ದೊಡ್ಡ ಹಿಂಡು, ಸಣ್ಣ ತಾಳ್ಮೆ.

“ದಾರ್ಯಾಗ ಕುರಿ ಈಯತಾವ,” ಅಂದ ಮಾಳಪ್ಪ. “ಹುಟ್ಟಿದ ಮರಿ ತೊಯ್ದರ ಉಳಿಯೂದಿಲ್ಲ. ಮಳಿಗೆ ಮ್ಯಾಲ ಕಟ್ಟೂ ನನ್ನ ಹಳೇ ತಾಡಪತ್ರಿ ಹೊತ್ತು ಹೊತ್ತು ಕುದುರಿ ಬೆನ್ನ ಹುಣ್ಣಾಗೇತಿ. ಬಗಲಾಗ ಇಟ್ಟುಕೊಂಡು ಹೋಗೂವಂಥ ಹಗೂರಂದು ಒಂದು ಹೊಲದು ಕೊಡು. ನಿನ್ನ ಮಗ ಅದನ್ನ ಹೊತ್ತು ಬರಲಿ, ಮರಿ ಕಾಯಲಿ. ಒಂದು ಮರಿ ತೊಯ್ತು ಅಂದ್ರ ಮಾರನೇ ದಿನಾನ ಹೊಳ್ಳಿ ಕಳಸ್ತೀನಿ.”

ಅಷ್ಟಾದರೂ ಅಂದನಲ್ಲ! ಲಗಮವ್ವ ಮನೆಗೆ ಬಂದು ಮಗನನ್ನು ಕರೆದಳು.

“ಅಮೋಗಿ, ಪ್ಯಾಟಿಗೆ ಹೋಗು. ಅಂಗಡ್ಯಾಗ ಎಲ್ಲಾಕ್ಕಿಂತ ಹಗೂರ ಬಟ್ಟಿ ಯಾವದೈತಿ ಕೇಳು, ತಗೊಂಡು ಬಾ.”

“ಹೂಂ ಯವ್ವಾ.”

ಹೋದ. ಎಲ್ಲ ಬಟ್ಟೆಯನ್ನೂ ಅಂಗೈ ಮೇಲೆ ಇಟ್ಟು ತೂಗಿ ನೋಡಿದ. ಎಲ್ಲಕ್ಕಿಂತ ಹಗುರವಾದದ್ದನ್ನು ತಂದ. ಅದು ಸೊಳ್ಳೆ ಪರದೆಯ ಬಟ್ಟೆ. ಲಗಮವ್ವ ಅದನ್ನು ಎತ್ತಿ ಹಿಡಿದಳು. ಆಚೆ ಕಡೆ ಮಗನ ಮುಖ ಪೂರಾ ಕಾಣುತ್ತಿತ್ತು, ನಗುತ್ತಿತ್ತು.

“ಪೆದ್ದಪ್ಪಾ, ಇದರಾಗ ನೀರು ನಿಲ್ತೈತೇನು? ಏನರೆ ತರಾಕ ಹೋದ್ರ ಮೊದಲ ಅದರ ಮ್ಯಾಲ ನೀರು ಹೊಯ್ದು ನೋಡಬೇಕು. ನೀರು ಒಳಗ ಇಳೀತು ಅಂದ್ರ ಬ್ಯಾಡ ಅನ್ನಬೇಕು.”

“ಹಂಗ ಮಾಡ್ತೀನಿ ಯವ್ವಾ.”

ಮತ್ತೆ ಹೋದ. ಅಂಗಡಿಯ ಮೂಲೆಯಲ್ಲಿದ್ದ ಕೊಡ ಎತ್ತಿ ಒಂದೊಂದೇ ಬಟ್ಟೆಯ ಮೇಲೆ ಹೊಯ್ದ. ಅಂಗಡಿಯವನು ಬಾಯಿಗೆ ಬಂದ ಹಾಗೆ ಬೈದು, ಛತ್ರಿಗೆ ಹಾಕುವಂಥ ಅಗಲದ ಬಟ್ಟೆಯೊಂದನ್ನು ಕೈಗೆ ತುರುಕಿ ಹೊರಗೆ ಹಾಕಿದ. ಬಟ್ಟೆ ಚೆನ್ನಾಗಿತ್ತು. ಒಂದು ಹನಿಯೂ ಇಳಿಯುತ್ತಿರಲಿಲ್ಲ. ಲಗಮವ್ವ ಮಗನ ತಲೆ ಸವರಿದಳು, ಅದು ಅವಳ ತಪ್ಪು. ಯಾವ ಮಾತಿಗೆ ತಲೆ ಸವರಿದಳೋ ಆ ಮಾತನ್ನು ಅಮೋಗಿ ಮರೆಯುವವನಲ್ಲ.

“ಇನ್ನ ರುಕ್ಮವ್ವನ ಮನಿಗೆ ಹೋಗಿ ಹೊಲಿಗಿ ಮಷೀನು ಇಸಗೊಂಡು ಬಾ,” ಅಂದಳು.

ಓಣಿಯ ಕೊನೆಯಲ್ಲಿ ಬಟ್ಟೆ ಹೊಲಿಯುವ ರುಕ್ಮವ್ವ ಕೈಯಲ್ಲಿ ತಿರುಗಿಸುವ ಮಷೀನನ್ನು ಕಟ್ಟೆಯ ಮೇಲೆ ಇಟ್ಟು, ದಾರ ತರಲು ಒಳಗೆ ಹೋದಳು. ಬರುವಷ್ಟರಲ್ಲಿ ಅಮೋಗಿ ಅದರ ಮೇಲೆ ಒಂದು ಬಿಂದಿಗೆ ನೀರು ಹೊಯ್ದು ಬಗ್ಗಿ ನೋಡುತ್ತಿದ್ದ.

“ಕಾಕು, ಇದು ಬ್ಯಾಡ. ನೀರು ಒಳಗ ಇಳೀತು. ಬ್ಯಾರೆ ಇದ್ರ ಕೊಡ್ರಿ.”

ರುಕ್ಮವ್ವ ಏನಂದಳೋ ನಾನು ಹೇಳುವುದಿಲ್ಲ, ಕೇಳುವವರಲ್ಲಿ ಹಿರಿಯರಿದ್ದಾರೆ. ಓಣಿಯವರೆಲ್ಲ ಬಂದರು. ಲಗಮವ್ವ ಬಂದು ಕೈಮುಗಿದಳು, ಮಷೀನು ಬಿಸಿಲಿಗೆ ಇಟ್ಟಳು, ಮಗನ ಕಿವಿ ಹಿಂಡಿದಳು.

“ಮಂದಿ ಕಡಿಂದ ಏನರೆ ತರೂದು ಅಂದ್ರ ನೀರು ಹೊಯ್ಯೂದಲ್ಲ. ತಿರಗೂ ಕಡೆಲ್ಲಾ ಎರಡ ಹನಿ ಎಣ್ಣಿ ಬಿಟ್ಟು, ಅರಿವ್ಯಾಗ ಒರಸಿ, ಜತನ ಮಾಡಿ ಮನಿಗೆ ತರಬೇಕು. ತಿಳೀತಿಲ್ಲೋ?”

“ತಿಳೀತು ಯವ್ವಾ.”

ಮಷೀನು ಒಣಗಿತು, ಲಗಮವ್ವ ತಾನೇ ಹೊತ್ತು ಮನೆಗೆ ತಂದಳು. ಅಳತೆ ಎಷ್ಟಿರಬೇಕು, ಹಗ್ಗದ ಕುಣಿಕೆ ಎಲ್ಲಿ ಬರಬೇಕು ಅಂತ ಮಾಳಪ್ಪನನ್ನೇ ಕೇಳೋಣ ಅನ್ನಿಸಿತು ಲಗಮವ್ವನಿಗೆ.

“ಹೋಗು, ನಿಮ್ಮ ಮಾವನ್ನ ಕರಕೊಂಡು ಬಾ.”

ಮಾಳಪ್ಪ ಉಂಡು ಬೇವಿನ ಗಿಡದ ಕೆಳಗೆ ಅಡ್ಡಾಗಿದ್ದ, ಬಾಯಿ ತೆರೆದಿತ್ತು. ಅಮೋಗಿ ಎಣ್ಣೆ ಕುಡಿಕೆ ಹಿಡಿದು ಸುತ್ತಲೂ ನಡೆದು ತಿರುಗುವ ಕಡೆ ಯಾವುದೆಲ್ಲ ಅಂತ ನೋಡಿದ. ಮೊಣಕಾಲಿಗೆ ಎರಡು ಹನಿ ಎಣ್ಣೆ. ಮೊಣಕೈಗೆ ಎರಡು ಹನಿ. ಕುತ್ತಿಗೆಗೆ ಎರಡು ಹನಿ. ದವಡೆಯೂ ತಿರುಗುತ್ತದಲ್ಲ ಅಂತ ಬಾಯಿಗೂ ಎರಡು ಹನಿ ಬಿಟ್ಟ. ಮಾಳಪ್ಪ ಕೆಮ್ಮುತ್ತ ಎದ್ದು ಕೂತರೆ ಅಳಿಯ ಅರಿವೆ ಹಿಡಿದು ಮುಖ ಒರೆಸುತ್ತಿದ್ದಾನೆ.

“ಏನಲೇ ಇದು?”

“ಜತನ ಮಾಡಾಕತ್ತೀನಿ ಮಾವಾ. ನಡೀರಿ, ಯವ್ವ ಕರದಾಳ.”

ಮಾಳಪ್ಪ ಬಂದ. ಕುಣಿಕೆಯ ಮಾತಾಡಲು ಅಲ್ಲ, ಕೊಟ್ಟ ಮಾತು ವಾಪಸ್ ತೆಗೆದುಕೊಳ್ಳಲು. ಲಗಮವ್ವ ಅತ್ತಳು, ಸತ್ತ ತಾಯಿಯ ಹೆಸರು ತೆಗೆದಳು. ಅಣ್ಣ ಅರ್ಧ ಮೆತ್ತಗಾದ ಮೇಲೆ ಮಗನ ಕಡೆ ತಿರುಗಿದಳು.

“ಕೇಳಲಾರದ ಯಾರನ್ನೂ ಮುಟ್ಟಬ್ಯಾಡೋ. ಮೊದಲ ಕೇಳು. ಹೂಂ ಅಂದ್ರ ಮುಟ್ಟು. ಸುಮ್ಮನಿದ್ರ ನೀನೂ ಸುಮ್ಮನಿರು.”

“ಹೂಂ ಯವ್ವಾ. ಇನ್ನ ಕೇಳೇ ಮುಟ್ತೀನಿ.”

ಅಂಗಳದಲ್ಲಿ ಬಟ್ಟೆ ಹಾಸಿದರು. ಅಣ್ಣ ತಂಗಿ ಇಬ್ಬರೂ ಮೊಳ ಹಾಕುತ್ತಿರುವಾಗಲೇ ಒಂದು ಗಾಳಿ ಬಂತು. ಬಟ್ಟೆ ಹಗುರ ತಾನೇ, ಎದ್ದು ಹೊರಟೇಬಿಟ್ಟಿತು.

“ಹಿಡಿಯೋ ಅಮೋಗಿ!”

ಅಮೋಗಿ ಓಡಿದ. ಕಾಲಲ್ಲಿ ಶಕ್ತಿ ಇತ್ತು, ಬಟ್ಟೆಯನ್ನು ಬೇಗ ಮುಟ್ಟಿದ. ಮುಟ್ಟಿದ ಅಂದರೆ ಹತ್ತಿರ ಹೋದ ಅಷ್ಟೇ.

“ಹಿಡೀಲೇನು?” ಅಂತ ಕೇಳಿದ.

ಬಟ್ಟೆ ಹೂಂ ಅನ್ನಲಿಲ್ಲ. ಅದರ ಪಕ್ಕದಲ್ಲೇ ಓಡಿದ. “ಹಿಡೀಲೇನು?” ಸುಮ್ಮನಿತ್ತು. ಅವನೂ ಸುಮ್ಮನಿದ್ದ. ಹಾಗೇ ಜೊತೆಗೆ ಹೋಗಿ, ಬಟ್ಟೆಯನ್ನು ಜಾಲಿಕಂಟಿಯವರೆಗೆ ಮುಟ್ಟಿಸಿ ಬಂದ. ಜಾಲಿಮುಳ್ಳು ಯಾರನ್ನೂ ಕೇಳುವುದಿಲ್ಲ. ಬಟ್ಟೆ ಒಂದು ಅಂಚಿನಿಂದ ಎರಡು ಮೊಳ ಒಳಗೆ ಉದ್ದಕ್ಕೂ ಹರಿಯಿತು.

ಲಗಮವ್ವ ಬೈಯಲೂ ಇಲ್ಲ. ಹರಿದದ್ದನ್ನು ತೊಡೆಯ ಮೇಲೆ ಹಾಕಿಕೊಂಡು ಎಷ್ಟು ಉಳಿದಿದೆ ಅಂತ ಮೊಳ ಹಾಕಿ ನೋಡಿದಳು. ಹೊಸ ಬಟ್ಟೆ ತರುವ ಶಕ್ತಿ ಇರಲಿಲ್ಲ, ಹಿಂಡು ಹೊರಡುವ ದಿನ ನಿಲ್ಲುವಂತಿರಲಿಲ್ಲ. ಆಮೇಲೆ ಕತ್ತರಿ ತೆಗೆದು ಹರಿದ ಗೆರೆ ಹಿಡಿದು ನೆಟ್ಟಗೆ ಕತ್ತರಿಸಿದಳು. ಒಂದು ಅಗಲದ ತುಂಡಾಯಿತು, ಒಂದು ಸಣ್ಣದು.

“ಕೂಡಿಸಿ ಹೊಲಿ,” ಅಂದ ಮಾಳಪ್ಪ. “ಹೊಲಿಗಿ ಮ್ಯಾಲ ಬರಲಿ, ನಡುವ ಬಿಗಿದು ಕಟ್ಟೂ ಹಗ್ಗದ ಮ್ಯಾಲ. ನೋಡಾಕ ಚಂದ.”

“ಚಂದಾ ಇಟ್ಟುಕೊಂಡು ಏನ್ ಮಾಡೂದಣ್ಣ? ಹಗ್ಗ ತಿಕ್ಕಿ ತಿಕ್ಕಿ ಹೊಲಿಗಿ ಬಿಚ್ಚತೈತಿ. ನೀರು ನೆಟ್ಟಗ ನಡುವಿದ್ದವರ ಮೂಗಿನ ಮ್ಯಾಲ. ನೆತ್ತಿಗೆ ಇಡೀ ಬಟ್ಟಿ ಬರಲಿ. ಹೊಲಿಗಿ ಹಿಂದ, ಕೆಳಗ, ನೆಲದ ಸನೇಕ ಇರಲಿ. ಅಲ್ಲಿ ಸೋರಿದ್ರೂ ಯಾರಿಗೂ ಹತ್ತೂದಿಲ್ಲ.”

ಮಾಳಪ್ಪ ತಲೆ ಕೆರೆದುಕೊಂಡು ಎರಡೂ ತುಂಡನ್ನು ತಂಗಿಯ ಕಡೆ ಸರಿಸಿದ. ಲಗಮವ್ವ ಮೇಲಿನ ತುಂಡಿನ ಅಂಚು ಕೆಳಗಿನದರ ಮೇಲೆ ಬರುವ ಹಾಗೆ, ಹಂಚು ಹೊದಿಸಿದ ಹಾಗೆ ಇಟ್ಟು, ಒಳಕ್ಕೆ ಮಡಚಿ ಎರಡು ಸಾಲು ಹೊಡೆದಳು. ಹೊಲಿಗೆಯ ಉದ್ದಕ್ಕೂ ಮೇಣದಬತ್ತಿ ತಿಕ್ಕಿದಳು. ಮೂಲೆಗಳಿಗೆ ಕುಣಿಕೆ ಇಟ್ಟಳು. ಮಡಚಿದರೆ ಒಂದು ಜೋಳದ ರೊಟ್ಟಿಯ ಗಂಟಿನಷ್ಟಾಯಿತು. ಹಿಂಡು ಹೊರಡುವ ದಿನ ಅದನ್ನು ಮಗನ ಬಗಲಿಗೆ ಸಿಕ್ಕಿಸಿ ಅತ್ತಳು. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ ಅಂತ ನೋಡಿದವರು ಹೇಳುತ್ತಾರೆ.

“ಅಮೋಗಿ, ಇದೊಂದು ಮಾತು ನೆನಪಿಡು. ನಾ ಎಷ್ಟ ಜತನ ಹೊಲದ್ರೂ ಹೊಲಿಗಿ ಹೊಲಿಗೀನ. ಮಳಿ ಬಂದ್ರ ಎಲ್ಲಿ ಸೋರತೈತಿ ನೋಡು. ಸೋರೂ ಕಡೆ ನೀ ಇರು. ಮರಿ ಒಣಗಿದ ಕಡೆ ಇರಲಿ.”

“ಹೂಂ ಯವ್ವಾ. ಸೋರೂ ಕಡೆ ನಾ ಇರ್ತೀನಿ.”

ಹಿಂಡು ಹೊರಟಿತು. ಗೌಡರೊಬ್ಬರ ಹೊಲದಲ್ಲಿ ಮೊದಲ ಸಲ ತಂಗಿದರು. ದಾರಿಯಲ್ಲಿ ಹುಟ್ಟಿದ ಮರಿಗಳಿದ್ದವು, ಕಾಲು ಇನ್ನೂ ನಡುಗುತ್ತಿದ್ದವು. ಹೊತ್ತು ಇಳಿಯುವಾಗ ಮೋಡ ಕಟ್ಟಿತು. ತಾಡಪತ್ರಿ ಕಟ್ಟಿದರು, ಮರಿಗಳನ್ನು ಒಳಗೆ ಬಿಟ್ಟರು, ಮಾಳಪ್ಪನೂ ಒಳಗೆ ಸೇರಿದ. ಮಳೆ ಹೊಡೆಯಿತು ನೋಡಿ, ಕೊಡ ಬೋರಲು ಹಾಕಿದ ಹಾಗೆ.

ಅಮೋಗಿ ಬಗ್ಗಿ ಹೊಲಿಗೆ ನೋಡಿದ. ಬೆರಳಾಡಿಸಿದ. ಒಣಗಿತ್ತು. ನೆತ್ತಿ ನೋಡಿದ, ಮೂಲೆ ನೋಡಿದ. ಎಲ್ಲೂ ಒಂದು ಹನಿ ಇಲ್ಲ. ಅವನ ಮುಖ ಬಾಡಿತು. ತಾಯಿ ಹೇಳಿದ ಕೆಲಸ ಮಾಡಲು ಒಳಗೆ ಜಾಗವೇ ಇಲ್ಲ. ಆಮೇಲೆ ಹೊರಗೆ ನೋಡಿದ. ಹೋಗಿ ಹೊಲದ ನಡುವೆ ನಿಂತ.

“ಒಳಗ ಬಾರೋ!” ಮಾಳಪ್ಪ ಕೂಗಿದ.

“ಒಳಗ ಎಲ್ಲೂ ಸೋರವಲ್ದು ಮಾವಾ. ಇಲ್ಲೇ ಸೋರಾಕತ್ತೈತಿ.”

“ಚಳಿ ಹತ್ತಿ ಸಾಯ್ತಿ. ಬಾ ಒಳಗ.”

“ಮತ್ತ ಸೋರೂ ಕಡೆ ಯಾರ ಇರಬೇಕು? ಯವ್ವ ಹೇಳ್ಯಾಳ.”

ಮಾಳಪ್ಪ ಬೈದ. ಅಮೋಗಿ ಕದಲಲಿಲ್ಲ, ಹಲ್ಲು ಕಟಕಟ ಅನ್ನುತ್ತಿತ್ತು. ಮಾಳಪ್ಪ ಮರಿಗಳ ಬೆನ್ನು ಮುಟ್ಟಿ ನೋಡಿದ, ಬೆಚ್ಚಗಿದ್ದವು. ತಂಗಿಯ ಒಬ್ಬನೇ ಮಗ ಹೊರಗೆ ನೀಲಿಗಟ್ಟುತ್ತಿದ್ದ. ಕಂಬಳಿ ಬಿಸಾಕಿ ತಾನೇ ಹೋದ.

“ನಾ ಇರ್ತೀನಿ ಇಲ್ಲಿ. ನೀ ಒಳಗ ಹೋಗಿ ಮರಿ ನೋಡು.”

“ಖರೇ ಇರ್ತೀರಿ?”

“ಇರ್ತೀನಿ, ಹೋಗು.”

ಅಮೋಗಿ ಒಳಗೆ ಹೋಗಿ ಕಂಬಳಿ ಹೊದ್ದು ಕೂತ. ಮಾಳಪ್ಪ ಹಿಂದೆಯೇ ಬಂದು ಒಂದು ಕಾಲು ಒಳಗೆ ಇಟ್ಟ. ತಕ್ಷಣ ಅಮೋಗಿ ಎದ್ದು ಹೊರಟ. ಮಾಳಪ್ಪ ಕಾಲು ಹಿಂದಕ್ಕೆ ತೆಗೆದ, ಅಮೋಗಿ ಕೂತ. ಮತ್ತೆ ಕಾಲಿಟ್ಟ, ಅವನು ಮತ್ತೆ ಎದ್ದ. ಆಮೇಲೆ ಮಾಳಪ್ಪ ಕಾಲಿಡಲಿಲ್ಲ. ಮಳೆ ನಿಲ್ಲುವ ತನಕ ಆ ದೊಡ್ಡ ಹಿಂಡಿನ ಯಜಮಾನ ಹೊಲದ ನಡುವೆ ನಿಂತೇ ಇದ್ದ, ಅಳಿಯ ಒಳಗಿನಿಂದ ಅವನನ್ನು ಕಾಯುತ್ತಿದ್ದ.

ಮಾರನೇ ದಿನ ಬೆಳಗ್ಗೆ ಒಂದು ಮರಿಯೂ ತೊಯ್ದಿರಲಿಲ್ಲ. ಊರ ಕಡೆ ಹೊರಟ ಒಬ್ಬ ದಾರಿಹೋಕನನ್ನು ನಿಲ್ಲಿಸಿ, ಸೀನುತ್ತ ಸೀನುತ್ತ ಮಾಳಪ್ಪ ತಂಗಿಗೆ ಮಾತು ಹೇಳಿ ಕಳಿಸಿದ: “ಹುಡುಗ ನನ್ನ ಕಡೇನ ಇರಲಿ, ಹೊಳ್ಳಿ ಕಳಸೂದಿಲ್ಲ. ತಾಡಪತ್ರಿ ಅಷ್ಟ ಕಳಸ್ತೀನಿ. ಅದನ್ನ ಬಿಚ್ಚಿ ಇನ್ನೊಮ್ಮೆ ಹೊಲಿ ತಂಗೀ, ಎಲ್ಲೆರೆ ಒಂದು ಕಡೆ ಚೂರು ಸೋರೂ ಹಂಗ.”